ಹೆಣಿಗೆ, ಕ್ರೋಶಾ, ಕ್ವಿಲ್ಟಿಂಗ್: ಮೂರರಲ್ಲಿ ಮೊದಲು ಯಾವುದು ಕಲಿಯಲಿ?

ನೀವು ಕೇಳಿರುವುದು ಇಷ್ಟು: ಯೂಟ್ಯೂಬ್ ನೋಡಿ ಹೆಣಿಗೆ ಶುರು ಮಾಡಿದಿರಿ, ಮಫ್ಲರ್ ಒಂದು ಗೇಣು ಆಗುವಷ್ಟರಲ್ಲಿ ಬೇಜಾರಾಗಿ ಬಿಟ್ಟಿರಿ, ಈಗ ಕೊಕ್ಕೆಕಡ್ಡಿಯಲ್ಲಿ ಹಾಕುವ ಕ್ರೋಶಾ ಹಿಡಿಯಲೋ, ಬಟ್ಟೆಯ ಪದರ ಸೇರಿಸಿ ಹೊದಿಕೆ ಹೊಲಿಯುವ ಕ್ವಿಲ್ಟಿಂಗ್ ಹಿಡಿಯಲೋ, ಇಲ್ಲಾ ಇದು ನನ್ನ ಕೈಗೆ ಹತ್ತುವ ವಿದ್ಯೆಯಲ್ಲ ಅಂತ ಸುಮ್ಮನಾಗಲೋ. ಇರುವುದು ಬೆಂಗಳೂರಿನಲ್ಲಿ, ಮನೆಯಲ್ಲಿ ಹೊಲಿಗೆ ಮಷೀನ್ ಇಲ್ಲ. ಮುಂದೆ ನಾಲ್ಕು ಕಾಸು ಬಂದರೂ ಒಳ್ಳೆಯದೇ ಅಂತ ಕೊನೆಯಲ್ಲಿ ಸೇರಿಸಿದ್ದೀರಿ.

ನಾನು ಮೂರೂ ಮಾಡುತ್ತೇನೆ. ಕ್ರೋಶಾ ಹಿಡಿಯಿರಿ, ಅದೂ ಹತ್ತಿ ನೂಲಿನಲ್ಲಿ. ಜೊತೆಗೆ ಕೈಹೊಲಿಗೆಯ ಒಂದು ಪುಟ್ಟ ಕೌದಿ, ಅಂದರೆ ನಮ್ಮ ಕಡೆಯ ಕ್ವಿಲ್ಟ್. ಹೆಣಿಗೆ ಸದ್ಯಕ್ಕೆ ಪಕ್ಕಕ್ಕಿರಲಿ.

ನಿಮ್ಮ ಕೈಯಲ್ಲಿ ಏನೂ ದೋಷವಿಲ್ಲ, ದೋಷ ಇರುವುದು ಆ ಮಫ್ಲರಿನಲ್ಲಿ. ಹೊಸಬರಿಗೆಲ್ಲ ಮಫ್ಲರ್ ಹಾಕಿ ಅಂತ ಹೇಳಿಕೊಡುವವರು ಹೆಚ್ಚಾಗಿ ಚಳಿದೇಶದವರು. ಅವರಿಗೆ ಅದು ವರ್ಷದಲ್ಲಿ ನಾಲ್ಕೈದು ತಿಂಗಳು ಕುತ್ತಿಗೆಗೆ ಬೇಕೇಬೇಕು. ನಮಗೆ ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಬಿಟ್ಟರೆ ಅದನ್ನು ಎಲ್ಲಿ ಸುತ್ತಿಕೊಳ್ಳುವುದು? ಮೇಲಾಗಿ ಅದು ಹೋದ ಸಾಲೇ ಮತ್ತೆ, ಮತ್ತೆ ಅದೇ ಸಾಲು. ಯಾರೂ ಹಾಕಿಕೊಳ್ಳದ ವಸ್ತುವನ್ನು ಬೇಜಾರಿನ ದಾರಿಯಲ್ಲಿ ಮಾಡಿದರೆ ಕೈ ನಿಲ್ಲದೆ ಇನ್ನೇನಾಗುತ್ತದೆ? ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಮೊದಲು ಮನೆಗೆ ಏನು ಬೇಕು ನೋಡಿ, ಆಮೇಲೆ ನೂಲು, ಕಡ್ಡಿಯ ವಿಚಾರ ಕೊನೆಗೆ.

ಕ್ರೋಶಾ ಮೊದಲು ಅನ್ನುವುದಕ್ಕೆ ಕಾರಣ ಇದೆ. ಹೆಣಿಗೆಯಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ಜೀವಂತ ಇರುತ್ತವೆ, ಒಂದು ಜಾರಿದರೆ ಕೆಳಗಿನ ಸಾಲಿನವರೆಗೂ ಏಣಿಯಂತೆ ಬಿಚ್ಚುತ್ತಾ ಹೋಗುತ್ತದೆ. ಕ್ರೋಶಾದಲ್ಲಿ ಕೊಕ್ಕೆಕಡ್ಡಿ ಒಂದೇ, ಸಾಮಾನ್ಯವಾಗಿ ಒಂದು ಹೊಲಿಗೆ ಮುಗಿಯುವಾಗ ಅದರ ಮೇಲೆ ಉಳಿಯುವ ಕುಣಿಕೆಯೂ ಒಂದೇ. ತಪ್ಪಾಯಿತಾ, ಕಡ್ಡಿ ತೆಗೆದು ನೂಲು ಎಳೆಯಿರಿ, ತಪ್ಪಿದ ಜಾಗದವರೆಗೆ ಬಿಚ್ಚಿಕೊಳ್ಳುತ್ತದೆ, ಕಡ್ಡಿ ತೂರಿಸಿ ಮುಂದುವರಿಸಿ. ಮೆಟ್ರೋದಲ್ಲಿ ಕೂತು ಮಾಡಬಹುದು, ಸ್ಟೇಷನ್ ಬಂದರೆ ಬ್ಯಾಗಿಗೆ ತುರುಕಿ ಇಳಿಯಬಹುದು.

ಮೊದಲು ಒಂದು ದುಂಡನೆಯ ಬಿಲ್ಲೆ ಮಾಡಿ, ಲೋಟದ ಕೆಳಗೆ ಇಡುವಂಥದ್ದು. ನಡುವಿನ ಉಂಗುರದಲ್ಲಿ 6 ಹೊಲಿಗೆ, ಎಲ್ಲವೂ ಅಮೆರಿಕದವರು ಸಿಂಗಲ್ ಕ್ರೋಶೆ ಅನ್ನುವ ಹೊಲಿಗೆ. ಎರಡನೇ ಸುತ್ತಿನಲ್ಲಿ ಪ್ರತಿಯೊಂದರೊಳಗೂ ಎರಡೆರಡು, ಅಂದರೆ 12. ಮೂರನೆಯದರಲ್ಲಿ ಒಂದು ಬಿಟ್ಟು ಒಂದರಲ್ಲಿ ಎರಡು, 18. ನಾಲ್ಕನೆಯದು 24. ಹೀಗೆ ಸುತ್ತಿಗೆ ಆರಾರು ಸೇರಿಸುತ್ತಾ ಹೋದರೆ ಬಿಲ್ಲೆ ಚಪ್ಪಟೆಯಾಗಿ ಕೂರುತ್ತದೆ. ಅಂಚು ನಿರಿಗೆ ನಿರಿಗೆಯಾಗಿ ಎದ್ದರೆ ಹೊಲಿಗೆ ಜಾಸ್ತಿ ಆಗಿದೆ, ಬಟ್ಟಲಿನಂತೆ ಮೇಲಕ್ಕೆ ಮಡಚಿಕೊಂಡರೆ ಕಡಿಮೆ ಬಿದ್ದಿದೆ. ಮಜಾ ಏನೆಂದರೆ, ಬೇಕು ಅಂತಲೇ ಸೇರಿಸುವುದನ್ನು ನಿಲ್ಲಿಸಿದರೆ ಅದೇ ಬಟ್ಟಲು ಟೋಪಿ ಆಗುತ್ತದೆ, ಚಿಕ್ಕದಾಗಿ ಮಾಡಿ ಹತ್ತಿ ತುಂಬಿದರೆ ಗೊಂಬೆಯ ತಲೆ. ಜಪಾನಿನ ಅಮಿಗುರುಮಿ ಗೊಂಬೆಗಳೆಲ್ಲ ಹೆಚ್ಚುಕಡಿಮೆ ಈ ಲೆಕ್ಕದ ಮೇಲೆಯೇ ನಿಂತಿವೆ.

ಇಂಗ್ಲಿಷ್ ಪ್ಯಾಟರ್ನ್, ಅಂದರೆ ಹೇಗೆ ಹಾಕಬೇಕು ಅಂತ ಬರೆದ ಸೂಚನೆ ಓದುವಾಗ ಒಂದು ಗೊಂದಲ ಬರುತ್ತದೆ. ಅಮೆರಿಕದವರು ಸಿಂಗಲ್ ಕ್ರೋಶೆ ಅನ್ನುವುದನ್ನೇ ಬ್ರಿಟನ್ನಿನವರು ಡಬಲ್ ಕ್ರೋಶೆ ಅನ್ನುತ್ತಾರೆ. ಅಮೆರಿಕದ ಡಬಲ್ ಅವರಿಗೆ ಟ್ರೆಬಲ್. ಪ್ಯಾಟರ್ನಿನಲ್ಲಿ ಎಲ್ಲಾದರೂ ಸಿಂಗಲ್ ಕ್ರೋಶೆ ಅಂತ ಇದ್ದರೆ ಅದು ಅಮೆರಿಕದ್ದು ಅಂದುಕೊಳ್ಳಿ, ಬ್ರಿಟಿಷ್ ಪದ್ಧತಿಯಲ್ಲಿ ಆ ಹೆಸರಿನ ಹೊಲಿಗೆಯೇ ಇಲ್ಲ. ಇದು ಗೊತ್ತಿಲ್ಲದೆ ಹಾಕಿದರೆ ಗೊಂಬೆ ಉದ್ದುದ್ದ ಆಗಿ, ಹೊಲಿಗೆಯ ಸಂದಿಯಿಂದ ಒಳಗಿನ ಹತ್ತಿ ಇಣುಕುತ್ತದೆ.

ನೂಲಿನ ವಿಚಾರಕ್ಕೆ ಬರೋಣ. ನಮ್ಮ ಅಂಗಡಿಗಳಲ್ಲಿ 'ಉಲ್ಲನ್' ಅಂತ ಕೊಡುವುದು ಬಹುಪಾಲು ಅಕ್ರಿಲಿಕ್. ಅದು ಕೆಟ್ಟದ್ದು ಅಂತಲ್ಲ. ಬೆಲೆ ಕಡಿಮೆ, ಬಣ್ಣ ಬೇಕಾದಷ್ಟು, ಒಗೆಯುವುದು ಸುಲಭ. ಆದರೆ ಬೆವರು ಹೀರುವುದಿಲ್ಲ, ಬಿಸಿ ಇಸ್ತ್ರಿ ತಾಗಿದರೆ ಕರಗುತ್ತದೆ. ಬಿಸಿ ಪಾತ್ರೆ ಹಿಡಿಯುವ ಬಟ್ಟೆಗಂತೂ ಬೇಡವೇ ಬೇಡ. ಅನುಮಾನ ಇದ್ದರೆ ಒಂದು ತುಂಡು ನೂಲನ್ನು ಚಿಮಟದಲ್ಲಿ ಹಿಡಿದು ಸಿಂಕಿನ ಮೇಲೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುವ ಬೂದಿ ಉಳಿದರೆ ಉಣ್ಣೆ, ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ, ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಅಳತೆಗೆ ಹೇಳುವುದಾದರೆ, ಮಧ್ಯಮ ದಪ್ಪದ ಹತ್ತಿ ನೂಲು ಮತ್ತು 4 ಮಿ.ಮೀ. ಕಡ್ಡಿ ಸಾಕು. ನಮ್ಮ ಅಮ್ಮಂದಿರು ಟಿವಿ ಕವರ್, ಬಾಗಿಲ ತೋರಣ ಹಾಕುತ್ತಿದ್ದ ಆ ಸಣ್ಣ ದಾರ, ಸೂಜಿಯಂಥ ಕಡ್ಡಿ ಚೆಂದವೇ, ಆದರೆ ಕಲಿಯುವಾಗ ಹೊಲಿಗೆಯೇ ಕಣ್ಣಿಗೆ ಕಾಣುವುದಿಲ್ಲ. ಕಪ್ಪು ನೂಲೂ ಬೇಡ, ಅದೇ ಕಾರಣಕ್ಕೆ. ದೊಡ್ಡದೇನಾದರೂ ಮಾಡುವುದಿದ್ದರೆ ಎಲ್ಲ ಉಂಡೆಗಳನ್ನೂ ಒಟ್ಟಿಗೆ ತನ್ನಿ, ಲೇಬಲ್ಲಿನ ಲಾಟ್ ನಂಬರ್ ಒಂದೇ ಇದೆಯಾ ನೋಡಿ. ಒಂದೇ ಬಣ್ಣದ ಹೆಸರಿದ್ದರೂ ಬೇರೆ ಲಾಟಿನಲ್ಲಿ ಛಾಯೆ ಬದಲಾಗುತ್ತದೆ, ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಅದು ಗೊತ್ತಾಗುವುದೇ ಇಲ್ಲ.

ಇನ್ನು ಕ್ವಿಲ್ಟಿಂಗ್. ಮಷೀನ್ ಇಲ್ಲ ಅಂತ ಕೊರಗಬೇಡಿ. ವಿಡಿಯೋಗಳಲ್ಲಿ ತೋರಿಸುವ ಚಕ್ರದ ಬ್ಲೇಡಿನ ರೋಟರಿ ಕಟರ್, ಕತ್ತರಿಸುವ ಮ್ಯಾಟ್, ಪದರಗಳ ಒಳಗೆ ಹಾಕುವ ಮೆತ್ತನೆಯ ಹಾಸು (ಬ್ಯಾಟಿಂಗ್), ಇವೆಲ್ಲ ಕೊಳ್ಳುವಷ್ಟರಲ್ಲಿ ಜೇಬು ಖಾಲಿ. ಅದರ ಮೇಲೆ ಕಾಲಿಂಚಿನ ಕಾಟ. ಐದಿಂಚಿನ ಚೌಕ ಕತ್ತರಿಸಿ ನಾಲ್ಕೂ ಕಡೆ ಕಾಲಿಂಚು ಬಿಟ್ಟು ಹೊಲಿದರೆ ಉಳಿಯುವುದು ನಾಲ್ಕೂವರೆ ಇಂಚು, 12 ಚೌಕದ ಸಾಲು 54 ಇಂಚು. ಪ್ರತಿ ಚೌಕದ ಎರಡೂ ಬದಿಯಲ್ಲಿ ಹೊಲಿಗೆ ಇಂಚಿನ ಹದಿನಾರನೇ ಒಂದು ಭಾಗ ಒಳಗೆ ಸರಿದರೂ ಆ ಸಾಲು ಒಂದೂವರೆ ಇಂಚು ಗಿಡ್ಡವಾಗುತ್ತದೆ, ಪಕ್ಕದ ಸಾಲಿಗೆ ಕೂಡುವುದೇ ಇಲ್ಲ. ಹೊಸಬರಿಗೆ ಇದು ಬೇಕಾ?

ನಮ್ಮ ಉತ್ತರ ಕರ್ನಾಟಕದ ಕೌದಿಗೆ ಈ ಯಾವ ರಗಳೆಯೂ ಇಲ್ಲ. ಹಳೆಯ ಹತ್ತಿ ಸೀರೆ, ಧೋತರಗಳನ್ನು ನೆಲದ ಮೇಲೆ ಪದರ ಪದರವಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡು ಇಟ್ಟು, ದಪ್ಪ ದಾರದಲ್ಲಿ ಸೂಜಿ ಮೇಲೆ ಕೆಳಗೆ ಆಡಿಸುವ ಸಾದಾ ಹೊಲಿಗೆ, ಅಷ್ಟೇ. ಆ ಹೊಲಿಗೆಯೇ ಪದರಗಳನ್ನೂ ಹಿಡಿಯುತ್ತದೆ, ಚಿತ್ತಾರವೂ ಆಗುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿಗಳ ಫೋಟೋ ಸಿಕ್ಕರೆ ಖಂಡಿತ ನೋಡಿ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮುಕ್ಕೋನದ ತುಂಡು ಮಡಚಿ ಹೂವಿನಂತೆ ಇಡುತ್ತಾರೆ, ಅದಿಲ್ಲದಿದ್ದರೆ ಕೌದಿ ಬರಿಮೈ ಅಂತ ಲೆಕ್ಕ. ಕೆಲವರು ನಡುವಿನ ಕೊನೆಯ ತುಂಡು ಮುಚ್ಚುವ ಮುನ್ನ ನಾಲ್ಕು ಅಕ್ಕಿಕಾಳು ಹಾಕುತ್ತಾರೆ, ಕೌದಿಯ ಹೊಟ್ಟೆ ತುಂಬಲಿ ಅಂತ. ಅಲ್ಲಿ ಎರಡು ತುಂಡು ಒಂದೇ ಅಳತೆಯದ್ದು ಹುಡುಕಿದರೂ ಸಿಗುವುದಿಲ್ಲ, ಆದರೂ ಬಣ್ಣಗಳು ಎಷ್ಟು ಚೆನ್ನಾಗಿ ಕೂತಿರುತ್ತವೆ ಅಂದರೆ, ಗ್ರಾಫ್ ಹಾಳೆಯ ಮೇಲೆ ಬರೆದು ಮಾಡಿದ ಕ್ವಿಲ್ಟ್‌ಗಳು ನನಗೆ ಅದರ ಮುಂದೆ ಸಪ್ಪೆ ಅನಿಸುತ್ತವೆ. ಇದು ನನ್ನ ಅಭಿಪ್ರಾಯ, ಕ್ವಿಲ್ಟ್ ಮಾಡುವ ಗೆಳತಿಯರು ಜಗಳಕ್ಕೆ ಬರುತ್ತಾರೆ.

ನಿಮ್ಮ ಕೌದಿ ಮೂರಡಿ ಅಗಲ, ನಾಲ್ಕಡಿ ಉದ್ದ ಇರಲಿ, ಮಗುವಿಗೆ ಹೊದಿಸುವಷ್ಟು. ದೊಡ್ಡದು ಮಾಡಿದರೆ ಹೊಲಿಯುವುದು ಹಾಗಿರಲಿ, ಒಗೆಯುವಾಗ ತಿಳಿಯುತ್ತದೆ. ನೆನೆದ ಕೌದಿ ಹಿಂಡಲು ಇಬ್ಬರು ಬೇಕು, ಅಪಾರ್ಟ್‌ಮೆಂಟ್ ಬಾಲ್ಕನಿಯ ಹಗ್ಗ ಅದರ ಭಾರ ತಾಳುವುದಿಲ್ಲ. ಒಗೆದು ಮೆತ್ತಗಾದ ಹತ್ತಿ ಬಟ್ಟೆ ಮಾತ್ರ ಹಾಕಿ. ಪಾಲಿಯೆಸ್ಟರ್ ಸೀರೆ ಸೇರಿಸಿದರೆ ಜಾರುತ್ತದೆ, ಪದರ ಅತ್ತಿತ್ತ ಸರಿದು ಗಂಟಾಗುತ್ತದೆ. ಜರಿ ಅಂಚು ಕಿತ್ತುಹಾಕಿ, ಮೈಗೆ ಚುಚ್ಚುತ್ತದೆ. ಹೊಸ ಬಟ್ಟೆ ಸೇರಿಸುವುದಿದ್ದರೆ ಮೊದಲು ಒಗೆಯಿರಿ, ಇಲ್ಲದಿದ್ದರೆ ಆಮೇಲೆ ಅದೊಂದೇ ಕುಗ್ಗಿ ಸುತ್ತಲೂ ಸುಕ್ಕು. ಹೊಲಿಯುವ ಮುನ್ನ ಪದರಗಳನ್ನೆಲ್ಲ ಉದ್ದುದ್ದ ಹೊಲಿಗೆ ಹಾಕಿ ಕಚ್ಚಾ ಕಟ್ಟಿಕೊಳ್ಳಿ, ಸೇಫ್ಟಿ ಪಿನ್ ಆದರೂ ಸರಿ.

ಹೆಣಿಗೆಗೆ ಯಾವಾಗ ಬರಬೇಕು ಅಂದರೆ, ಯಾರಿಗಾದರೂ ಏನಾದರೂ ಮೈಗೆ ಹಾಕಬೇಕು ಅನಿಸಿದಾಗ. ಹೆಣೆದ ಬಟ್ಟೆ ಹಿಗ್ಗುತ್ತದೆ, ಮೈಗೆ ಹೊಂದಿಕೊಳ್ಳುತ್ತದೆ, ಅದು ಕ್ರೋಶಾದಲ್ಲಿ ಅಷ್ಟು ಬರುವುದಿಲ್ಲ. ಬಾಣಂತಿ ಮನೆಗೆ ಒಂದು ಕುಲಾವಿ ಹಾಕಿ ನೋಡಿ, ಚಿಕ್ಕದು, ಬೇಗ ಮುಗಿಯುತ್ತದೆ, ಸೀದಾ, ಉಲ್ಟಾ ಎರಡೂ ಬಗೆಯ ಕುಣಿಕೆ ಅಭ್ಯಾಸ ಆಗುತ್ತದೆ. ಆ ಮಫ್ಲರ್ ಬಿಚ್ಚಿ ಅದೇ ನೂಲು ಬಳಸಿ, ಮೆತ್ತಗಿದ್ದರೆ. ಮಗುವಿನ ವಸ್ತುವಿಗೆ ದೊಡ್ಡ ತೂತಿನ ವಿನ್ಯಾಸ ಬೇಡ, ಒಳಗಡೆ ಸಡಿಲ ನೂಲು ಬಿಡಬೇಡಿ, ಪುಟ್ಟ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಟವೇ ನಿಲ್ಲುತ್ತದೆ. ಸ್ವೆಟರ್ ಮಟ್ಟಕ್ಕೆ ಬಂದಾಗ ಮಾತ್ರ ಮೊದಲು ಒಂದು ಚೌಕ ಹೆಣೆದು, ಒಗೆದು, ಒಣಗಿಸಿ ಅಳೆಯಿರಿ. ಪ್ಯಾಟರ್ನಿನಲ್ಲಿ 10 ಸೆಂ.ಮೀ.ಗೆ 20 ಕುಣಿಕೆ ಇದ್ದು ನಿಮ್ಮ ಕೈಯಲ್ಲಿ 22 ಬಂದರೆ, ನೂರು ಸೆಂ.ಮೀ. ಎದೆಯಳತೆಗೆ ಅಂತ ಹಾಕಿದ 200 ಕುಣಿಕೆ 91ರ ಹತ್ತಿರ ನಿಲ್ಲುತ್ತದೆ. ಬರೀ ಎರಡೇ ಕುಣಿಕೆ ವ್ಯತ್ಯಾಸ ಅಲ್ವಾ ಅಂತ ಬಿಟ್ಟರೆ ಸ್ವೆಟರ್ ತಮ್ಮನ ಪಾಲು.

ನಮ್ಮ ಊರ ಕುರಿಯ ಉಣ್ಣೆಯಲ್ಲೇ ಹೆಣೆಯಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ನಮ್ಮ ಕಡೆಯ ಡೆಕ್ಕನಿ ತಳಿಯ ಕುರಿಯ ಉಣ್ಣೆ ಒರಟು. ಹುಣಸೆಬೀಜದ ಗಂಜಿ ಹಚ್ಚಿ ನೇಯ್ದ ಕಂಬಳಿಗೆ ಅದು ಹೇಳಿ ಮಾಡಿಸಿದ್ದು, ಕುತ್ತಿಗೆಗೆ ತಾಗುವ ಸ್ವೆಟರಿಗೆ ಅಲ್ಲ.

ಅರ್ಧಕ್ಕೆ ನಿಲ್ಲುವ ಕೆಲಸದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎಲ್ಲರ ಮನೆಯಲ್ಲೂ ಅಂಥ ಒಂದು ಚೀಲ ಇರುತ್ತದೆ. ಎತ್ತಿಡುವಾಗ ಎಷ್ಟನೇ ಸಾಲು, ಯಾವ ನಂಬರಿನ ಕಡ್ಡಿ ಅಂತ ಚೀಟಿ ಬರೆದು ಒಳಗಿಡಿ, ಸಾಕು. ಆರು ತಿಂಗಳ ಮೇಲೆ ತೆಗೆದಾಗ ಅದಿಲ್ಲದೆ ಮುಂದುವರಿಸಲು ಆಗುವುದಿಲ್ಲ.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಹೆಣಿಗೆಗೆ ಮಷೀನ್ ಇದೆ, ಹಾಗಾಗಿ ಸ್ವೆಟರಿನಲ್ಲಿ ನಿಮ್ಮ ಕೂಲಿ ಹುಟ್ಟುವುದಿಲ್ಲ. ಕ್ರೋಶಾ ಇವತ್ತಿಗೂ ಕೈಯಲ್ಲೇ ಆಗಬೇಕು, ಮಾಲ್‌ನಲ್ಲಿ ಅಗ್ಗಕ್ಕೆ ನೇತುಹಾಕಿರುವ ಕ್ರೋಶಾ ಟಾಪ್ ಕೂಡ ಯಾರೋ ಕೂತು ಹಾಕಿದ್ದೇ, ಅವರಿಗೆ ಎಷ್ಟು ಸಿಕ್ಕಿರಬಹುದು ನೀವೇ ಲೆಕ್ಕ ಹಾಕಿ. ಗೊಂಬೆ, ಕೀಚೈನ್, ತೋರಣ ಬೇಗ ಹೋಗುತ್ತವೆ. ದೊಡ್ಡ ಹೊದಿಕೆಗೆ ಆರ್ಡರ್ ಬಂದರೆ ನೂಲಿನ ದುಡ್ಡು ಮುಂಗಡ ತಗೊಳ್ಳಿ, ಸಂಬಂಧಿಕರಾದರೂ ಸರಿ. "ಸುಮ್ನೆ ಟಿವಿ ನೋಡ್ತಾ ಮಾಡ್ತೀಯಲ್ಲ, ಅದಕ್ಕೆ ಯಾಕೆ ಅಷ್ಟು ರೇಟು" ಅನ್ನುವವರು ಸಿಕ್ಕೇ ಸಿಗುತ್ತಾರೆ, ಅವರ ಕೈಗೆ ಒಂದು ಕಡ್ಡಿ, ಒಂದು ಉಂಡೆ ಕೊಡಿ.