ಪೆಗ್ ಟ್ಯೂಬ್ ಕಿತ್ತು ಬಂದರೆ ಮನೆಯಲ್ಲೇ ತೂರಿಸಬೇಡಿ

ಪ್ರಶ್ನೆ: ಅಪ್ಪನಿಗೆ ಸ್ಟ್ರೋಕ್ ಆಗಿ ಹೊಟ್ಟೆಗೆ ಪೆಗ್ ಟ್ಯೂಬ್ (ಹೊಟ್ಟೆಗೆ ತೂತು ಮಾಡಿ ನೇರ ಜಠರಕ್ಕೆ ಆಹಾರ ಬಿಡುವ ಕೊಳವೆ) ಹಾಕಿದ್ದಾರೆ. ಮೂರು ವಾರ ಆಯ್ತು. ನಿದ್ದೆಗಣ್ಣಲ್ಲಿ ಎಳೆದುಕೊಂಡರೆ ನಾವೇ ವಾಪಸ್ ಹಾಕಬಹುದಾ? ಡ್ರೆಸ್ಸಿಂಗ್‌ಗೆ ಬರುವ ಹುಡುಗ ‘ನಾನೇ ಹಾಕ್ತೀನಿ’ ಅಂತಾನೆ.

ಉತ್ತರ: ಬೇಡ. ಇದನ್ನು ಎಷ್ಟು ಸಲ ಹೇಳಿದರೂ ಮತ್ತೆ ಕೇಳುತ್ತಾರೆ.

ಜಠರ ಹೊಟ್ಟೆಯ ಗೋಡೆಗೆ ಅಂಟಿಕೊಂಡು ಟ್ಯೂಬಿನ ದಾರಿ ಗಟ್ಟಿಯಾಗಲು ಸುಮಾರು 4 ವಾರ ಬೇಕು. ಸಕ್ಕರೆ ಕಾಯಿಲೆ ಇದ್ದರೆ, ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಜಾಸ್ತಿ. ಅದಕ್ಕೂ ಮೊದಲೇ ಟ್ಯೂಬ್ ಕಿತ್ತು ಬಂದರೆ ಜಠರ ಹಿಂದೆ ಸರಿಯಬಹುದು. ಹೊರಗಿನ ತೂತು ಮಾತ್ರ ಹಾಗೇ ಕಾಣುತ್ತದೆ. ಆ ಹುಡುಗ ತೂರಿಸಿದ ಟ್ಯೂಬ್ ಸಲೀಸಾಗಿ ಒಳಗೂ ಹೋಗುತ್ತದೆ, ಜಠರದೊಳಕ್ಕಲ್ಲ, ಅದರ ಪಕ್ಕಕ್ಕೆ! ಮೇಲಿಂದ ಒಂದು ಲೋಟ ಗಂಜಿ ಬಿಟ್ಟರೆ ಅದು ಕರುಳಿನ ಸುತ್ತ ಹರಡುತ್ತದೆ. ಹೊಟ್ಟೆ ಬಿಗಿಯುತ್ತದೆ, ಜ್ವರ ಏರುತ್ತದೆ, ಬಿಪಿ ಇಳಿಯುತ್ತದೆ. ಜೀವಕ್ಕೇ ಅಪಾಯ.

‘ಸಿರಿಂಜಿನಲ್ಲಿ ಗಾಳಿ ಬಿಟ್ಟಾಗ ಗುಳುಗುಳು ಅಂತು, ಸರಿಯಾಗಿದೆ’ ಅನ್ನುವವರನ್ನು ನಂಬಬೇಡಿ. ಟ್ಯೂಬ್ ತಪ್ಪು ಜಾಗದಲ್ಲಿದ್ದರೂ ಆ ಸದ್ದು ಬರುತ್ತದೆ. ಟ್ಯೂಬಿನೊಳಗೆ ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ) ಹಾಕಿ ಎಕ್ಸ್‌ರೇ ತೆಗೆಯಬೇಕು, ಇಲ್ಲವೇ ಎಂಡೋಸ್ಕೋಪಿಯಲ್ಲಿ ನೋಡಬೇಕು. ಅಲ್ಲಿವರೆಗೆ ಒಂದು ಹನಿ ನೀರೂ ಬಿಡಬೇಡಿ.

ತಿಂಗಳುಗಟ್ಟಲೆ ಹಳೆಯ ಪೆಗ್ ಆದರೆ ತೊಂದರೆ ಉಲ್ಟಾ. ಕೆಲವೇ ಗಂಟೆಗಳಲ್ಲಿ ತೂತು ಮುಚ್ಚಿಕೊಳ್ಳುತ್ತದೆ. ‘ಬೆಳಿಗ್ಗೆ ನೋಡೋಣ’ ಅಂತ ಕೂತರೆ ಮತ್ತೆ ಹೊಸದಾಗಿ ತೂತು ಮಾಡಬೇಕಾಗಬಹುದು. ಪೆಗ್ ಹೊಸದಾಗಲಿ ಹಳೆಯದಾಗಲಿ, ತೂತಿಗೆ ಶುದ್ಧ ಬಟ್ಟೆ ಮುಚ್ಚಿಕೊಂಡು ರಾತ್ರಿಯೇ ಕ್ಯಾಶುವಾಲ್ಟಿಗೆ ಹೋಗಿ. ಕಿತ್ತು ಬಂದ ಟ್ಯೂಬನ್ನು ಕಸಕ್ಕೆ ಎಸೆಯಬೇಡಿ, ಜೊತೆಗೆ ಒಯ್ಯಿರಿ. ಅದರ ಮೇಲೆ ಸೈಜ್ ಬರೆದಿರುತ್ತದೆ, ತುದಿಯ ಬಂಪರ್ (ಟ್ಯೂಬ್ ಜಾರದಂತೆ ಜಠರದೊಳಗೆ ಹಿಡಿದಿಡುವ ಬಿಲ್ಲೆ) ಒಳಗೇ ಉಳಿದಿದೆಯೋ ಅಂತಲೂ ಗೊತ್ತಾಗುತ್ತದೆ. ಪೆಗ್ ಹಾಕಿದ ತಾರೀಖನ್ನು ಫೈಲಿನ ಮೊದಲ ಹಾಳೆಯ ಮೇಲೆ ದಪ್ಪಕ್ಕೆ ಬರೆದಿಡಿ. ಡಾಕ್ಟರು ಮೊದಲು ಕೇಳುವುದೇ ಅದನ್ನು.

ಪ್ರಶ್ನೆ: ಪಕ್ಕದಿಂದ ಸೋರುತ್ತಿದೆ, ದಪ್ಪ ಟ್ಯೂಬ್ ಹಾಕಿಸಲಾ?
ಉತ್ತರ: ಬೇಡ, ತೂತು ಇನ್ನೂ ದೊಡ್ಡದಾಗುತ್ತದೆ, ಸೋರುವುದು ಯಾಕೆ ಅಂತ ಮೊದಲು ತೋರಿಸಿ.

ಪ್ರಶ್ನೆ: ಸುತ್ತ ಕೆಂಪಾಗಿದೆ, ಅರಿಶಿನ ಹಚ್ಚಬಹುದಾ?
ಉತ್ತರ: ಅರಿಶಿನ ಒಗ್ಗರಣೆಗಿರಲಿ. ಸೋಪು ನೀರಲ್ಲಿ ಒರೆಸಿ, ಒಣಗಿಸಿ. ಕೀವು, ಜ್ವರ ಇದ್ದರೆ ಬನ್ನಿ.

ಪ್ರಶ್ನೆ: ಟ್ಯೂಬ್ ಅಲ್ಲಾಡದಿರಲಿ ಅಂತ ಹೊರಗಿನ ಡಿಸ್ಕ್ ಬಿಗಿ ಮಾಡಿದ್ದೇವೆ. ಈಗ ತಿರುಗಿಸಿದರೂ ತಿರುಗುತ್ತಿಲ್ಲ.
ಉತ್ತರ: ಒಳಗಿನ ಬಂಪರ್ ಜಠರದ ಗೋಡೆಯಲ್ಲಿ ಹೂತಿರಬಹುದು. ಚರ್ಮಕ್ಕೂ ಡಿಸ್ಕಿಗೂ ಅರ್ಧದಿಂದ ಒಂದು ಸೆಂ.ಮೀ. ಸಂದು ಬಿಡಬೇಕಿತ್ತು. ಜೋರಾಗಿ ಎಳೆಯಬೇಡಿ. ಫೀಡ್ ನಿಲ್ಲಿಸಿ, ಇವತ್ತೇ ಹೊರಡಿ.