ಮಷಿನ್‌ನ ಟರ್ಮಿನಲ್‌ನಲ್ಲಿ (ತೂಕ ತೋರಿಸೋ ಸ್ಕ್ರೀನ್) ತೂಕ ಸರಿ, ಪಿಸಿಯಲ್ಲಿ ಒಮ್ಮೊಮ್ಮೆ ತಪ್ಪು. ಎರಡನ್ನೂ ಜೋಡಿಸೋ ಆರ್‌ಎಸ್-485 ಕೇಬಲ್ ಬದಲಿಸಬೇಕಾ?

ಕೇಬಲ್ ಮುಟ್ಬೇಡ್ರಿ, ಆ ಕೇಬಲ್ ಪಿಸಿಗೆ ಸೇರಿಸೋ ಹೊಸ ಕನ್ವರ್ಟರ್‌ಗೂ ದುಡ್ಡು ಹಾಕ್ಬೇಡ್ರಿ. ಥೇಟ್ ಇದೇ ರೋಗಕ್ಕೆ ನಾನು ದಾವಣಗೆರೆ ಹತ್ರ ಒಂದು ರೈಸ್ ಮಿಲ್ಲಲ್ಲಿ ಸಾವ್ಕಾರ್ರ ಕೈಲಿ ಬೇಕಾದಷ್ಟು ಅನ್ನಿಸ್ಕೊಂಡೀನಿ.

ಅಲ್ಲಿ ಚೀಲ ತುಂಬೋ ಮಷಿನ್ ಪ್ಯಾನೆಲ್ ಮೇಲೆ ಒಂದು ಟರ್ಮಿನಲ್, ಅದರಿಂದ ಆಫೀಸ್ ಪಿಸಿಗೆ ಮಾಡ್‌ಬಸ್ ಆರ್‌ಟಿಯು ಲೈನ್, ಅಂದ್ರೆ ಮಷಿನ್‌ಗಳು ಮಾತಾಡ್ಕೊಳ್ಳೋ ಒಂದು ಭಾಷೆ. ಪಿಸಿ ಕೇಳೋದು, ಟರ್ಮಿನಲ್ ತನ್ನ ರಿಜಿಸ್ಟರ್ (ನಂಬರ್ ಇಡೋ ಖಾನೆ) ನೋಡಿ ಉತ್ರ ಕೊಡೋದು, ಇಷ್ಟೇ. ಒಂದಿನ ಪಿಸಿ ರಿಪೋರ್ಟಲ್ಲಿ ಹತ್ರತ್ರ 130 ಚೀಲ ಜಾಸ್ತಿ ಬಂತು, ಗೋಡೌನಲ್ಲಿ ಅಷ್ಟು ಅಕ್ಕಿ ಇಲ್ಲ. ಕಂಪ್ಯೂಟರ್ ಸುಳ್ಳು ಹೇಳುತ್ತಾ ಅಂತ ಸಾವ್ಕಾರ್ರು ಸೀದಾ ಹಮಾಲರನ್ನ ನಿಲ್ಲಿಸಿ ವಿಚಾರಣೆ ಶುರು ಮಾಡಿದ್ರು. ನಾನು ಲೈನಲ್ಲಿ ನಾಯ್ಸ್ ಐತೆ ಅಂತ ಶೀಲ್ಡ್ ಕೇಬಲ್ ಎಳೆಸ್ದೆ, ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕ್ಸಿದೆ, ಕೆಲವು ದಿನ ಸುಮ್ನಿದ್ದು ಮತ್ತೆ ಅದೇ ಕಥೆ.

ನಾಯ್ಸ್ ಆಗಿದ್ರೆ ಸಿಆರ್‌ಸಿ, ಅಂದ್ರೆ ಉತ್ರದ ಕೊನೇಲಿ ಬರೋ ತಪಾಸಣೆ ನಂಬರ್, ತಾಳೆ ಆಗ್ತಿರ್ಲಿಲ್ಲ, ಆ ಉತ್ರಾನೇ ಬಿದ್ದೋಗಿ ಟೈಮ್‌ಔಟ್ ಬರ್ಬೇಕಿತ್ತು. ಟೈಮ್‌ಔಟ್ ಇಲ್ದೆ ನೀಟಾಗಿ ತಪ್ಪು ನಂಬರ್ ಬರ್ತೈತೆ ಅಂದ್ರೆ ವೈರ್ ಸಾಚಾ, ಕಳ್ಳ ಸಾಫ್ಟ್‌ವೇರಲ್ಲಿದಾನೆ. ಇದು ನಂಗೆ ಹೊಳೆದಿದ್ದು ಲಾಗ್ ತೆಗೆದು ಒಂದೇ ಸಲಕ್ಕೆ 6553.6 ಕೆಜಿ ಜಂಪ್ ಆಗಿದ್ದು ನೋಡಿದ್ಮೇಲೆ. ದಶಾಂಶ ತೆಗೀರಿ, 65536!

ಒಂದು ರಿಜಿಸ್ಟರ್ ಅಂದ್ರೆ 16 ಬಿಟ್, 65535 ಆದ್ಮೇಲೆ ಮತ್ತೆ 0. ಒಟ್ಟು ತೂಕ ಅದ್ರಲ್ಲಿ ಹಿಡಿಯಲ್ಲ ಅಂತ ಎರಡು ರಿಜಿಸ್ಟರ್, ಕೆಳಗಿಂದು ತುಂಬಿದಾಗೆಲ್ಲ ಮೇಲಿಂದು ಒಂದು ಏರುತ್ತೆ. ನಾನು ಮಾಡಿದ್ದೇನಂದ್ರೆ ಪಿಸಿಯಲ್ಲಿ ಅವೆರಡನ್ನ ಬೇರೆ ಬೇರೆ ಟ್ಯಾಗ್ (ಬೇರೆ ಬೇರೆ ಹೆಸರಲ್ಲಿ ಓದೋ ಐಟಂ) ಮಾಡಿ, ಒಂದು ಲಿಸ್ಟಿನ ಮೇಲೆ ಒಂದು ಕೆಳಗೆ ಇಟ್ಟು, ಎರಡು ಸಲ ಕೇಳಿ ಆಮೇಲೆ ಕೂಡಿಸ್ತಿದ್ದೆ. ಈಗ ನೋಡ್ರಿ, ಒಂದು ಕೌಂಟ್ ಅಂದ್ರೆ 100 ಗ್ರಾಂ, ಕೌಂಟ್ 65400 ಐತೆ, ಅಂದ್ರೆ 6540 ಕೆಜಿ. ಪಿಸಿ ಕೆಳಗಿನ ರಿಜಿಸ್ಟರ್ ಓದ್ತು, 65400. ಅಷ್ಟರಲ್ಲಿ 50 ಕೆಜಿ ಚೀಲ ಒಂದು ಬಿತ್ತು, ಕೌಂಟ್ 65900 ಆಯ್ತು, ಅಂದ್ರೆ ಮೇಲೆ 1, ಕೆಳಗೆ 364. ಈಗ ಪಿಸಿ ಮೇಲಿಂದು ಓದಿ ಹೊಸ 1ನ್ನ, ಅಂದ್ರೆ 65536ನ್ನ, ಹಳೇ 65400ಕ್ಕೆ ಕೂಡಿಸ್ತು, 13093.6 ಕೆಜಿ! ಮುಂದಿನ ಓದಲ್ಲಿ ಸರಿಯಾಗಿ 6590 ಬಂತು, ಆದ್ರೆ ನಂಬರ್ ಕಮ್ಮಿಯಾದ್ರೆ ಮೀಟರ್ ರೀಸೆಟ್ ಆಗೈತೆ ಅಂತ ಬಿಟ್ಬಿಡು ಅಂತ ನಾನೇ ಬರೆದಿದ್ದೆ, ಹಂಗಾಗಿ ಏರಿದ್ದು ರಿಪೋರ್ಟಲ್ಲಿ ಉಳೀತು, ಇಳಿದಿದ್ದು ಹೋಯ್ತು. ಎರಡು ಓದಿನ ಸಂದೀಲೇ ಚೀಲ ಬೀಳ್ಬೇಕು, ಅದೂ ಕೌಂಟ್ ತಿರುಗೋ ಚೀಲಾನೇ ಆಗ್ಬೇಕು, ಅದಕ್ಕೇ ನಾನು ಎದುರಿಗೆ ನಿಂತಾಗ ಒಂದ್ಸಲಾನೂ ಆಗ್ಲಿಲ್ಲ.

ಆದ್ರಿಂದ ಎರಡೂ ರಿಜಿಸ್ಟರ್ ಅಕ್ಕಪಕ್ಕ ಇಟ್ಟು ಫಂಕ್ಷನ್ 03ರಲ್ಲಿ (ಮಾಡ್‌ಬಸ್‌ನ ರಿಜಿಸ್ಟರ್ ಓದೋ ಕಮಾಂಡ್) ಒಂದೇ ಸಲ ಓದ್ರಿ. ಒಂದು ರಿಕ್ವೆಸ್ಟಲ್ಲಿ 125 ರಿಜಿಸ್ಟರ್ ತನಕ ಕೇಳ್ಬೋದು, ಎರಡಕ್ಕೆ ಯಾಕೆ ಜಿಪುಣತನ? ಅದೂ ಸಾಲಲ್ಲ, ಯಾಕಂದ್ರೆ ಟರ್ಮಿನಲ್ಲೇ ಪಿಎಲ್‌ಸಿಯಿಂದ (ಮಷಿನ್ ನಡೆಸೋ ಪುಟ್ಟ ಕಂಪ್ಯೂಟರ್) ಎರಡನ್ನ ಬೇರೆ ಬೇರೆ ಹೊತ್ತಲ್ಲಿ ತಂದಿಟ್ಕೊಂಡಿರ್ಬೋದು. ನಾನೀಗ ಮಾಡೋದು ಹಿಂಗೆ: ಪಿಸಿ ಒಂದು ರಿಜಿಸ್ಟರಿಗೆ ನಂಬರ್ ಬರೆಯುತ್ತೆ, ಪಿಎಲ್‌ಸಿ ಅದು ಬದಲಾಗಿದ್ದು ಕಂಡ ತಕ್ಷಣ ತೂಕ ಬೇರೆ ಜಾಗಕ್ಕೆ ಕಾಪಿ ಮಾಡಿ ಅದೇ ನಂಬರ್ ವಾಪಸ್ ಬರೆಯುತ್ತೆ, ಆ ನಂಬರ್ ಕಂಡ ಮೇಲೇ ಪಿಸಿ ಕಾಪಿ ಓದೋದು, ಮುಂದಿನ ಸಲ ಕೇಳೋ ತನಕ ಆ ಕಾಪಿ ಅಲುಗಾಡಲ್ಲ. ಟರ್ಮಿನಲ್ ನಡುವೆ ಇದ್ರೆ ನಂಬರ್ ಬಂದ್ಮೇಲೂ ಅದರ ಒಂದು ರಿಫ್ರೆಶ್ ಆಗೋ ತನಕ ತಡೀರಿ.

ಯಾವಾಗ್ಲೂ ತಪ್ಪೇ ಬರ್ತಿದ್ರೆ ಅದು ಬೇರೆ ಕೇಸು, ಮ್ಯಾನ್ಯುಯಲ್‌ನಲ್ಲಿ 40001 ಅಂತ ಬರೆದಿರೋ ರಿಜಿಸ್ಟರ್‌ಗೆ ಕೇಬಲ್‌ನಲ್ಲಿ ಹೋಗೋ ವಿಳಾಸ 0 ಆಗಿರುತ್ತೆ, ಒಂದು ಹೆಚ್ಚುಕಮ್ಮಿ ಆದ್ರೆ ಪಕ್ಕದ್ದು ಓದ್ತೀರಿ, ಇಲ್ಲಾ ಮೇಲಿಂದು ಕೆಳಗಿಂದು ಅದಲುಬದಲಾಗಿರುತ್ತೆ. ನಿಮ್ದು ಒಮ್ಮೊಮ್ಮೆ ಅಂದ್ರಲ್ಲ, ಮೊದ್ಲು ಲಾಗಲ್ಲಿ ಆ ಜಂಪ್ ಎಷ್ಟೈತೆ ಕಳೆದು ನೋಡ್ರಿ.