ಇಂಟರ್‌ನ್ಯಾಷನಲ್ ಮ್ಯಾಕ್ರೋ (ದೇಶಗಳ ನಡುವಿನ ಸಾಲ, ವಿನಿಮಯ ದರಗಳ ಅರ್ಥಶಾಸ್ತ್ರ) ಅಡ್ವಾನ್ಸ್ಡ್ ಕೋರ್ಸ್ ತಗೊಂಡಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಪದವಿಯಲ್ಲಿ ಐಎಸ್-ಎಲ್‌ಎಂ ಎಂಬ, ಬಡ್ಡಿ-ಆದಾಯ ಎರಡನ್ನೂ ಒಟ್ಟಿಗೆ ನೋಡುವ ಮೂಲ ಮಾಡೆಲ್ ಓದಿದ್ದೀರಿ, ಗಣಿತವೂ ಪರವಾಗಿಲ್ಲ, ಆದರೆ ಈಗ ಪೇಪರ್ ತೆಗೆದರೆ ಬರೀ ಸಮೀಕರಣಗಳು ಕಂಡು ತಲೆ ತಿರುಗುತ್ತಿದೆ ಅಂದಿದ್ದೀರಿ. ಮಾಡೆಲ್‌ಗಳನ್ನು ಕಂಪ್ಯೂಟರ್‌ನಲ್ಲಿ ಓಡಿಸುತ್ತಲೇ ಕಲಿಯಬಹುದಾ ಅಂತಲೂ ಕೇಳಿದ್ದೀರಿ. ಬೇಡ. ನಾನು ಹಾಗೇ ಮಾಡಿ ಪೆಟ್ಟು ತಿಂದವನು.

ಮೊದಲು ಎರಡೇ ವರ್ಷ ಬದುಕುವ ಒಂದು ದೇಶವನ್ನು ಕಾಗದದ ಮೇಲೆ ಬರೆಯಿರಿ. ಮೊದಲ ವರ್ಷದ ಆದಾಯ 100, ಎರಡನೇ ವರ್ಷ 121. ಹೊರಗಿನ ಬಡ್ಡಿ ಶೇ 10. ಎರಡೂ ವರ್ಷ ಸಮನಾಗಿ ಖರ್ಚು ಮಾಡುವ ಆಸೆ. ಲೆಕ್ಕ ಹಾಕಿದರೆ ವರ್ಷಕ್ಕೆ 110 ಬರುತ್ತದೆ. ಅಂದರೆ ಮೊದಲು 10 ಸಾಲ, ಆಮೇಲೆ 11 ವಾಪಸ್. ಆ 10 ಇದೆಯಲ್ಲ, ಅದೇ ಚಾಲ್ತಿ ಖಾತೆಯ ಕೊರತೆ, ಅಂದರೆ ದೇಶ ಆ ವರ್ಷ ಗಳಿಸಿದ್ದಕ್ಕಿಂತ ಜಾಸ್ತಿ ಖರ್ಚು ಮಾಡಲು ಹೊರಗಿನಿಂದ ತಂದ ಮೊತ್ತ.

ಈಗ ಮೊದಲ ವರ್ಷದ ಆದಾಯವನ್ನು ಮಾತ್ರ 21 ಇಳಿಸಿ, 79 ಮಾಡಿ. ಖರ್ಚು 99ಕ್ಕೆ ಇಳಿಯುತ್ತದೆ, ಕೊರತೆ 20ಕ್ಕೆ ಏರುತ್ತದೆ. ಎರಡೂ ವರ್ಷ 21 ಇಳಿಸಿ ನೋಡಿ: ಖರ್ಚು 89, ಕೊರತೆ ಮಾತ್ರ ಮೊದಲಿನಷ್ಟೇ, 10. ನಷ್ಟ ತಾತ್ಕಾಲಿಕವಾದರೆ ಸಾಲ ಮಾಡು, ಕಾಯಂ ಆದರೆ ಕೈ ಬಿಗಿ ಹಿಡಿ. ಚಾಲ್ತಿ ಖಾತೆಯ ಬಗ್ಗೆ ಮುಂದೆ ಓದುವ ಎಷ್ಟೋ ಸಂಗತಿಗಳ ಬೇರು ಇಲ್ಲಿದೆ. ಆಬ್ಸ್ಟ್‌ಫೆಲ್ಡ್ ಮತ್ತು ರೊಗೊಫ್ ಎಂಬ ಅರ್ಥಶಾಸ್ತ್ರಜ್ಞರು 1996ರಲ್ಲಿ ತಂದ ದಪ್ಪ ಪಠ್ಯಪುಸ್ತಕವೂ ಎರಡು ಅವಧಿಯ ಮಾಡೆಲ್‌ನಿಂದಲೇ ಶುರುವಾಗುತ್ತದೆ.

ನಾನು ಆ ಅಧ್ಯಾಯವನ್ನು 'ಇದು ಮಕ್ಕಳಾಟ' ಅಂತ ಹಾರಿಸಿದ್ದೆ. ನೇರವಾಗಿ ಸಣ್ಣ ಮುಕ್ತ ಆರ್ಥಿಕತೆಯ (ಹೊರಗಿನ ಬಡ್ಡಿಯನ್ನು ಬದಲಿಸಲಾಗದ ಪುಟ್ಟ ದೇಶದ) ಮಾಡೆಲ್ ಕೋಡ್ ಮಾಡಲು ಕೂತೆ. ಒಂದು ತಾತ್ಕಾಲಿಕ ಆಘಾತ ಕೊಟ್ಟೆ, ಅಂದರೆ ಉತ್ಪಾದನೆಯನ್ನು ಸ್ವಲ್ಪ ಕಾಲ ಬೀಳಿಸಿದೆ. ಉತ್ಪಾದನೆ ನಿಧಾನಕ್ಕೆ ಹಳೆಯ ಮಟ್ಟಕ್ಕೆ ಬಂತು. ಖರ್ಚು, ಸಾಲ ಎರಡೂ ಬರಲೇ ಇಲ್ಲ, ಹೊಸ ಜಾಗದಲ್ಲಿ ಹೋಗಿ ನಿಂತುಬಿಟ್ಟವು. ಕೋಡ್‌ನಲ್ಲೇ ಏನೋ ತಪ್ಪಿದೆ ಅಂತ ಎರಡು ವಾರ ಸಾಲು ಸಾಲು ಹುಡುಕಿದೆ. ತಪ್ಪೇ ಇರಲಿಲ್ಲ! ಮೇಲಿನ ಲೆಕ್ಕವನ್ನೇ ನೋಡಿ: ನಷ್ಟವಾಗಿದ್ದು ಮೊದಲ ವರ್ಷ ಮಾತ್ರ, ಆದರೂ ಖರ್ಚು ಎರಡೂ ವರ್ಷ 99. ಬಡ್ಡಿ ಹೊರಗಿನಿಂದ ನಿಗದಿಯಾಗಿದ್ದರೆ ದೇಶಕ್ಕೆ ಹಳೆಯ ಮಟ್ಟಕ್ಕೆ ಮರಳುವ ಕಾರಣವೇ ಇಲ್ಲ. ಅದಕ್ಕೇ ಸಾಲ ಹೆಚ್ಚಿದ ಹಾಗೆ ಬಡ್ಡಿಯೂ ಚೂರು ಏರುತ್ತದೆ ಎಂಬಂಥ ಒಂದು ಕೊಂಡಿ ಸೇರಿಸುತ್ತಾರೆ. ಶ್ಮಿಟ್-ಗ್ರೋಹೆ ಮತ್ತು ಉರಿಬೆ 2003ರಲ್ಲಿ ಇಂಥ ಹಲವು ಉಪಾಯಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಯಾವುದನ್ನು ಹಾಕಿದರೂ ಅಲ್ಪಾವಧಿಯ ಏರಿಳಿತ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ ಅಂತ ತೋರಿಸಿದರು. ಕೋಡ್ ಬರೆಯುವ ಮೊದಲು ಆ ಪೇಪರ್ ಓದಿ.

ವಿನಿಮಯ ದರಕ್ಕೆ ಬಂದಾಗ ಡಾರ್ನ್‌ಬುಷ್ ಅವರ 1976ರ ಪೇಪರ್ ಹಿಡಿಯಿರಿ. ಗಣಿತ ಕಮ್ಮಿ, ಯೋಚನೆ ಜಾಸ್ತಿ. ಹಣದ ಪೂರೈಕೆ ಏರಿದರೂ ಬೆಲೆಗಳು ತಕ್ಷಣ ಏರುವುದಿಲ್ಲ, ಹಾಗಾಗಿ ಬಡ್ಡಿ ಇಳಿಯುತ್ತದೆ. ಕಡಿಮೆ ಬಡ್ಡಿಯ ಕರೆನ್ಸಿಯನ್ನು ಜನ ಸುಮ್ನೆ ಯಾಕೆ ಇಟ್ಟುಕೊಳ್ಳುತ್ತಾರೆ? ಮುಂದೆ ಅದರ ಬೆಲೆ ಏರುತ್ತದೆ ಅನ್ನುವ ನಂಬಿಕೆ ಇರಬೇಕು. ಮುಂದೆ ಏರಬೇಕಾದರೆ ಈಗ ಬೇಕಾದ್ದಕ್ಕಿಂತ ಜಾಸ್ತಿ ಬಿದ್ದಿರಬೇಕು, ಅಲ್ವಾ? ಇಷ್ಟನ್ನು ಸಮೀಕರಣ ಇಲ್ಲದೆ ಯಾರಿಗಾದರೂ ವಿವರಿಸಲು ಬಂದರೆ ಆ ಪೇಪರ್ ನಿಮ್ಮದು.

ಅಂದಹಾಗೆ, ಪ್ರತಿ ಪೇಪರ್‌ನಲ್ಲೂ ವಿನಿಮಯ ದರವನ್ನು ಹೇಗೆ ಬರೆದಿದ್ದಾರೆ ಅಂತ ಮೊದಲು ನೋಡಿ. ಕೆಲವರಿಗೆ ಅದು ಒಂದು ವಿದೇಶಿ ನಾಣ್ಯಕ್ಕೆ ಎಷ್ಟು ಸ್ವದೇಶಿ ನಾಣ್ಯ ಎಂಬ ಲೆಕ್ಕ, ಕೆಲವರಿಗೆ ತಿರುಗುಮುರುಗು. ಒಂದು ಪರೀಕ್ಷೆಯಲ್ಲಿ ತರ್ಕವೆಲ್ಲ ಸರಿ ಬರೆದು ಈ ಒಂದು ಪ್ಲಸ್-ಮೈನಸ್ ಚಿಹ್ನೆಗೆ ಅಂಕ ಕಳೆದುಕೊಂಡಿದ್ದೇನೆ, ಈಗಲೂ ಹೊಟ್ಟೆ ಉರಿಯುತ್ತದೆ.

ಮಾಡೆಲ್ ಪ್ರೀತಿ ಅತಿಯಾದಾಗ ಮೀಸ್ ಮತ್ತು ರೊಗೊಫ್ ಅವರ 1983ರ ಪೇಪರ್ ಓದಿ. ಆ ಕಾಲದ ವಿನಿಮಯ ದರದ ಮಾಡೆಲ್‌ಗಳಿಗೆ 'ನಾಳೆಯೂ ಇವತ್ತಿನ ದರವೇ' ಎಂಬ ಸೋಮಾರಿ ಊಹೆಯನ್ನು ಒಂದು ವರ್ಷದೊಳಗಿನ ಅಂದಾಜಿನಲ್ಲಿ ಸೋಲಿಸಲು ಆಗಲಿಲ್ಲ. ನಿಜವಾದ ಬಡ್ಡಿ, ಆದಾಯದ ಅಂಕಿಗಳನ್ನು ಕೈಗೆ ಕೊಟ್ಟರೂ ಆಗಲಿಲ್ಲ!

ದೇಶಗಳು ಸಾಲ ತೀರಿಸದೆ ಕೈ ಎತ್ತುವ ಭಾಗವನ್ನು ಕೊನೆಗೆ ಇಟ್ಟುಕೊಳ್ಳಿ. ಈಟನ್ ಮತ್ತು ಗೆರ್ಸೋವಿಟ್ಜ್ 1981ರಲ್ಲಿ ಕೊಟ್ಟ ಉತ್ತರ ಸರಳ: ತೀರಿಸದಿದ್ದರೆ ಮುಂದೆ ಸಾಲ ಹುಟ್ಟುವುದಿಲ್ಲ, ಆ ಭಯಕ್ಕೆ ತೀರಿಸುತ್ತಾರೆ. ಇದನ್ನು ನಮ್ಮ ಎರಡು ವರ್ಷದ ದೇಶಕ್ಕೆ ಹಾಕಿ ನೋಡಿ. ಎರಡನೇ ವರ್ಷ 11 ಯಾಕೆ ಕೊಡಬೇಕು? ಮೂರನೇ ವರ್ಷವೇ ಇಲ್ಲವಲ್ಲ, ಸಾಲ ಹುಟ್ಟದಿದ್ದರೆ ಯಾರಿಗೇನು! ಇದು ಗೊತ್ತಿದ್ದ ಮೇಲೆ ಮೊದಲ ವರ್ಷ 10 ಕೊಡುವವರೂ ಇರುವುದಿಲ್ಲ. ಈ ಜಾಗಕ್ಕೆ ಬಂದು ಸಿಕ್ಕಿಕೊಂಡಾಗ ಎರಡು ವರ್ಷದ ಕಾಗದ ಮಡಚಿಟ್ಟು, ಕೊನೆಯಿಲ್ಲದ ಕಾಲದ ಮಾಡೆಲ್‌ಗೂ ಕಂಪ್ಯೂಟರ್‌ಗೂ ಹೋಗಿ.